ಪಿಸ್ತೂಲಿಗೆ ಅಂಗಿ ಹೊಲಿದ ದಿನಗಳು

ಒಂದು ಕಾಲಕ್ಕೆ ನಾನು ಹೊಲಿದುಕೊಟ್ಟ ಪ್ರತಿಯೊಂದು ಪಿಸ್ತೂಲಿನ ಚೀಲದ ಜೊತೆಗೂ ಒಂದು ಸಣ್ಣ ಬಾಟಲಿ ಔಡಲ ಎಣ್ಣೆಯನ್ನು, ಅಂದರೆ ಹರಳೆಣ್ಣೆಯನ್ನು, ಪುಕ್ಕಟೆ ಕೊಡುತ್ತಿದ್ದೆ. ಕೊಡುವಾಗ, ದವಾಖಾನೆಯ ದೊಡ್ಡ ಡಾಕ್ಟರು ಗುಳಿಗೆ ಬರೆದುಕೊಡುವಷ್ಟೇ ಗಂಭೀರವಾಗಿ, "ಅಮಾಸಿಗೊಮ್ಮಿ ಚೀಲದ ಬಾಯಿಗಿ ಹಚ್ರಿ, ಬೆಣ್ಣಿ ಆಗ್ತದ" ಎಂದು ಹೇಳುತ್ತಿದ್ದೆ. ನನ್ನ ಮೂರ್ಖತನಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆಳಂದದ ಬಸ್ ಸ್ಟ್ಯಾಂಡಿನಿಂದ ಅಫಜಲಪುರ ಮುಟ್ಟುತ್ತವೆ. ಆ ಮೆರವಣಿಗೆಯ ಮುಂದೆ ಬಾವುಟ ಹಿಡಿದು ನಡೆಯುವುದು ಈ ಎಣ್ಣೆಯ ಬಾಟಲಿ.

ಚರ್ಮದ ಕೆಲಸ ಕಲಿತ ಹೊಸಬರು ಈಗಲೂ ಫೋನು ಮಾಡಿ, "ಅಣ್ಣಾ, ಹೋಲ್ಸ್ಟರ್ ಹೊಲಿಯೋದು ಹ್ಯಾಂಗ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಈ ಕೆಲಸದಿಂದ ನಿವೃತ್ತನಾದಾಗ ನನ್ನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಹಾರ ಹಾಕುವವರಿಲ್ಲ, ಭಾಷಣ ಮಾಡುವವರಿಲ್ಲ. ಅಂಗಡಿಯ ಬೋರ್ಡಿನ ಮೇಲಿದ್ದ ಪಿಸ್ತೂಲಿನ ಚಿತ್ರಕ್ಕೆ ನಾನೇ ಏಣಿ ಹತ್ತಿ ಬಿಳಿ ಬಣ್ಣ ಬಳಿದೆ. ಬಣ್ಣ ಸಾಲದೆ ನಳಿಗೆ ಹಾಗೇ ಉಳಿದಿದೆ. ಈಗ ಟ್ರ್ಯಾಕ್ಟರ್ ಸೀಟಿನ ಕವರು ಹೊಲಿಯುತ್ತೇನೆ. ಸೀಟು ಹರಿದರೆ ಜನ ಬೈಯುತ್ತಾರೆ, ಅಷ್ಟೇ.

ನಮ್ಮದು ಚಪ್ಪಲಿ ಹೊಲಿಯುವ ಮನೆ. ಅಪ್ಪನ ಚಪ್ಪಲಿಗೆ ಆಳಂದದ ಸುತ್ತಲಿನ ಹಳ್ಳಿಗಳಲ್ಲೆಲ್ಲ ಇದ್ದದ್ದು ಒಂದೇ ಹೊಗಳಿಕೆ, ಅದು ಕಾಲಿಗೆ ಕಚ್ಚುವುದಿಲ್ಲ. ಹೊಸ ಚಪ್ಪಲಿಗೆ ಔಡಲ ಎಣ್ಣೆ ಕುಡಿಸಿ, ಬಿಸಿಲಿಗಿಟ್ಟು, ಮತ್ತೆ ಕುಡಿಸಿ, ಕೊನೆಗೆ ಒದ್ದೆ ಬಟ್ಟೆಯಂತೆ ಎರಡೂ ಕೈಯಲ್ಲಿ ಹಿಂಡಿ ನೋಡುತ್ತಿದ್ದ. "ತೊಗಲು ಮೆತ್ತಗ ಇರಬೇಕಪ್ಪ. ಗಟ್ಟಿ ತೊಗಲು ಕೊಟ್ಟರ ಗಿರಾಕಿ ಹೆಜ್ಜಿಗೊಮ್ಮಿ ನಮಗ ಬೈತಾನ" ಎನ್ನುತ್ತಿದ್ದ. ಪ್ಲಾಸ್ಟಿಕ್ ಚಪ್ಪಲಿ ಬಂದು ಅಪ್ಪನ ಗಿರಾಕಿಗಳು ಕಡಿಮೆಯಾದಾಗ ನಾನು ಸೊಂಟದ ಪಟ್ಟಿ, ಮೊಬೈಲಿನ ಚೀಲ ಹೊಲಿಯತೊಡಗಿದೆ. ಆಗ ಕಿಣ್ಣಿ ಸುಲ್ತಾನದಿಂದ ಒಬ್ಬ ಕಾಕಾ ಬಂದರು. ಅವರ ಬಳಿ ಲೈಸೆನ್ಸಿನ ರಿವಾಲ್ವರ್ ಇತ್ತು. ನಮ್ಮ ಕಡೆ ಅದಕ್ಕೂ ಪಿಸ್ತೂಲೆಂದೇ ಹೆಸರು.

"ಇದಕ್ಕೊಂದು ಅಂಗಿ ಹೊಲಿ" ಎಂದರು ಕಾಕಾ.

"ನನಗ ಬರಂಗಿಲ್ರಿ ಕಾಕಾ."

"ಮೊಬೈಲಿಗಿ ಹೊಲಿತಿ, ಪಿಸ್ತೂಲಿಗಿ ಬರಂಗಿಲ್ಲೇನು? ಎರಡೂ ಸೊಂಟಕ್ಕ ಕಟ್ಟಗೊಳ್ಳಾದೇ ಅಲ್ಲೇನಲೇ?"

ಇಷ್ಟು ಗಟ್ಟಿಯಾದ ತರ್ಕದ ಮೇಲೆ ನನ್ನ ವೃತ್ತಿ ನಿಂತಿತು. ಮೊಬೈಲು ಚೀಲದೊಳಗೆ ಹೋಗುವಾಗ ಯಾರ ಕಾಲಿಗೂ ಗುಂಡು ಹೊಡೆಯುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ಕಾಕಾಗೂ ಹೊಳೆಯಲಿಲ್ಲ, ನನಗಂತೂ ಮೊದಲೇ ಇಲ್ಲ.

ಪಿಸ್ತೂಲನ್ನು ಯಾರೂ ಅಂಗಡಿಯಲ್ಲಿ ಬಿಟ್ಟುಹೋಗುವ ಹಾಗಿಲ್ಲ, ಅದು ಕಾನೂನು. ಅಳತೆಗೆಂದು ಬಡಿಗೇರ ಗೆಳೆಯನಿಂದ ಕಟ್ಟಿಗೆಯ ರಿವಾಲ್ವರ್ ಒಂದನ್ನು, ಟ್ರಿಗರು ಮತ್ತು ಅದರ ಸುತ್ತಲಿನ ಬಳೆ ಸಮೇತ, ಮಾಡಿಸಿದೆ. ಚಂದ ಕಾಣಲೆಂದು ಕರಿ ಬಣ್ಣ ಹಚ್ಚಿ ಹಲಗೆಯ ಮೇಲಿಟ್ಟೆ. ಚಪ್ಪಲಿಯ ಉಂಗುಟ ಹೊಲಿಸಲು ಬಂದ ಪೊಲೀಸನೊಬ್ಬ ಅದನ್ನು ನೋಡಿ, ಒಂದೇ ಚಪ್ಪಲಿಯಲ್ಲಿ ಹೊರಗೆ ಓಡಿದ. ಸ್ವಲ್ಪ ಹೊತ್ತಿಗೆ ನನ್ನ ಅಂಗಡಿಯ ಮುಂದೆ ಇಡೀ ಜಿಲ್ಲೆಯ ಪೊಲೀಸರೇ ಇದ್ದರೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಂದದ್ದು ಸಾಹೇಬರೊಬ್ಬರೇ. ಅವರು ಅದನ್ನು ಮೇಜಿಗೆ ಕುಟ್ಟಿ, ಟಕ್ ಟಕ್ ಎಂಬ ಕಟ್ಟಿಗೆಯ ಸಪ್ಪಳ ಕೇಳಿ ನನ್ನ ಮುಖ ನೋಡಿದರು.

"ಕರೀ ಬಣ್ಣ ಯಾಕ ಹಚ್ಚಿದಿಲೇ?"

"ಚಂದ ಕಾಣ್ಲಿ ಅಂತ್ರಿ ಸಾಹೇಬ್ರ."

"ನಿನ್ನ ಮಾರಿಗಿ ಹಚ್ಕೋ, ಅದೂ ಚಂದ ಕಾಣ್ತದ."

ಅಲ್ಲೇ ನಿಂತು ಅದಕ್ಕೆ ಹಳದಿ ಬಣ್ಣ ಹೊಡೆಸಿದರು. ಅಂದಿನಿಂದ ನನ್ನ ಕಾರ್ಖಾನೆಯ ಏಕೈಕ ಯಂತ್ರ ಹಳದಿ ಪಿಸ್ತೂಲು.

ಹೆಸರು ಅಫಜಲಪುರದವರೆಗೆ ಹೋಯಿತು. ಹವಳಗಾ ಕಡೆಯ ಕಬ್ಬು ಬೆಳೆಯುವ ಗೌಡರೊಬ್ಬರು ಮಗನ ಮದುವೆಗೆಂದು ಹೂಬಳ್ಳಿ ಕೆತ್ತಿದ ಚೀಲ ಬೇಕೆಂದರು. ಪಿಸ್ತೂಲು ಬೀಗರಿಗೆ ಕಾಣಬೇಕು, ಬೆಳ್ಳಿ ಬಣ್ಣದ ಹಿಡಿಕೆ ಪೂರ್ತಿ ಹೊರಗಿರಬೇಕು. ನಾನು ಅದನ್ನು ಎಷ್ಟು ಹೊರಗಿಟ್ಟೆನೆಂದರೆ ಒಳಗೆ ಇದ್ದದ್ದೇ ಕಡಿಮೆ. ಮದುವೆಗೆ ನನ್ನನ್ನೂ ಕರೆದಿದ್ದರು. ಗೌಡರು ಅಡಿಗೆಯವರಿಗೆ ಜೋರು ಮಾಡುತ್ತ ಗೋಧಿ ಹುಗ್ಗಿಯ ಕೊಪ್ಪರಿಗೆಯ ಮೇಲೆ ಬಾಗಿದರು. ಪಿಸ್ತೂಲು ಹುಗ್ಗಿಗೆ ಬಿತ್ತು.

ಬಡಿಸುವವನು ಅದನ್ನು ಸೌಟಿನಿಂದ ಎತ್ತಿ, ತುಪ್ಪ ಸೋರಿಸುತ್ತ ಹಿಡಿದು ನಿಂತ. ಗೌಡರು ನನ್ನನ್ನು ಹುಡುಕಿ ಹಿಡಿದರು.

"ಲೇ ಗೌತಮ್ಯಾ! ಬೀಗರ ಎಲಿಗಿ ಹೋಗ್ತಿತ್ತಲ್ಲಲೇ ಇದು!"

"ದ್ರಾಕ್ಷಿ ಗೋಡಂಬಿ ಜೋಡಿ ಇದೂ ಒಂದ್ರಿ ಗೌಡ್ರ" ಎಂದೆ ನಾನು.

ಇಡೀ ಅಡಿಗೆ ಮನೆ ನಕ್ಕಿತು. ಗೌಡರೂ ನಕ್ಕುಬಿಟ್ಟರು. ಈ ಕಥೆಯನ್ನು ನಾನು ಆಮೇಲೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಕೊಪ್ಪರಿಗೆ ದೊಡ್ಡದಾಗುತ್ತಿತ್ತು, ಒಮ್ಮೆ ಗೌಡರೇ ಒಳಗೆ ಬೀಳುತ್ತಿದ್ದರು. ಆ ಪಿಸ್ತೂಲಿನಲ್ಲಿ ಗುಂಡುಗಳಿದ್ದವು, ಸುತ್ತಲೂ ಹೆಣ್ಣುಮಕ್ಕಳು ಪೂರಿ ಲಟ್ಟಿಸುತ್ತ ಕುಳಿತಿದ್ದರು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ನಗು ನಿಂತುಹೋಗುತ್ತಿತ್ತು.

ಹುಗ್ಗಿಯ ನಂತರ ನಾನು ಚೀಲಗಳನ್ನು ಬಿಗಿಯಾಗಿ ಹೊಲಿಯತೊಡಗಿದೆ. ಬಿಗಿ ಎಂದರೆ, ಒಂದು ಸಲ ಒಳಗೆ ಹೋದ ಪಿಸ್ತೂಲು ಹೊರಗೆ ಬರಬೇಕಾದರೆ ಒಬ್ಬರು ಹಿಡಿದು ಇನ್ನೊಬ್ಬರು ಜಗ್ಗಬೇಕು. "ಕಳ್ಳ ಬಂದಾಗ, ಒಂದೀಟ್ ಹಿಡ್ಕೊಳಪ್ಪ ಅಂತ ಅವನಿಗೇ ಹೇಳಬೇಕೇನು?" ಎಂದು ಗಿರಾಕಿಗಳು ತಕರಾರು ಮಾಡಿದರು. ಆಗ ನನ್ನೊಳಗಿನ ಚಪ್ಪಲಿ ಮನೆಯ ಮಗ ಎಚ್ಚರಗೊಂಡ. ಗಟ್ಟಿ ತೊಗಲು ಕಚ್ಚುತ್ತದೆ, ಅದನ್ನು ಮೆತ್ತಗೆ ಮಾಡಬೇಕು. ದಪ್ಪ ಚರ್ಮ ಬಿಟ್ಟು ತೆಳ್ಳನೆಯ ಆಡಿನ ಚರ್ಮಕ್ಕೆ ಬಂದೆ. ಅದಕ್ಕೆ ಎಣ್ಣೆ ಕುಡಿಸಿದೆ. ಹಳೆಯ ಗಿರಾಕಿಗಳಿಗೂ ಇದೇ ಚೀಲ ಹೊಲಿದುಕೊಟ್ಟು, ಎಲ್ಲರ ಕೈಗೂ ಎಣ್ಣೆ ಕೊಟ್ಟೆ. ಅಪ್ಪ ಒಂದು ಚೀಲವನ್ನು ಹಿಂಡಿ ನೋಡಿ ತಲೆದೂಗಿದ. ಜೀವನದಲ್ಲಿ ಮೊದಲ ಸಲ ಅಪ್ಪ ನನ್ನ ಕೆಲಸಕ್ಕೆ ತಲೆದೂಗಿದ್ದು. ಅದೇ ಕೆಲಸ ತಪ್ಪಾಗಿತ್ತು.

ನನ್ನ ಅದೃಷ್ಟಕ್ಕೆ ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಕಿಣ್ಣಿ ಸುಲ್ತಾನದ ಕಾಕಾ ಆ ಎಣ್ಣೆಯನ್ನು ಮೊಮ್ಮಗನ ಹೊಟ್ಟೆ ಸ್ವಚ್ಛ ಮಾಡಲು ಕುಡಿಸಿದರು. ಗೌಡರು ಮೀಸೆಗೆ ಹಚ್ಚಿಕೊಂಡರು. ಯಾರೋ ದೀಪ ಹಚ್ಚಿದರು, ಯಾರೋ ಬಂಡಿಯ ಗಾಲಿಗೆ ಹಾಕಿದರು. ಅವರ ಚೀಲಗಳು ಒಣಗಿ, ಸೆಟೆದು, ಪಾಪ, ಸುರಕ್ಷಿತವಾಗಿ ಉಳಿದವು. ಬಾಟಲಿ ಮುಗಿಸಿ ಮತ್ತೆ ಎಣ್ಣೆ ಕೇಳಲು ಬಂದವರು ಒಬ್ಬರೇ. ಶಿವರಾಯಣ್ಣ.

ಶಿವರಾಯಣ್ಣ ಜೇವರ್ಗಿ ತಾಲೂಕಿನ ಅಂದೋಲಾದವರು. ಮಿಲಿಟರಿಯಲ್ಲಿದ್ದು ಬಂದವರು. ಜೇವರ್ಗಿಯ ಗುತ್ತೇದಾರರೊಬ್ಬರ ಬಳಿ, ಒಂದು ಸೆಕ್ಯುರಿಟಿ ಏಜೆನ್ಸಿಯ ಕಡೆಯಿಂದ, ಗನ್‌ಮ್ಯಾನ್ ಆಗಿದ್ದರು. ಅಂಗಡಿಗೆ ಬಂದರೆ ಚಪ್ಪಲಿ ಹೊರಗೆ ಬಿಡುತ್ತಿದ್ದರು. ಚಪ್ಪಲಿ ಅಂಗಡಿಗೆ ಚಪ್ಪಲಿ ಬಿಟ್ಟು ಬಂದ ಇನ್ನೊಬ್ಬರನ್ನು ನಾನು ನೋಡಿಲ್ಲ.

"ಏನ್ರಿ ಶಿವರಾಯಣ್ಣ, ಎಣ್ಣಿ ಕುಡದ್ರೇನು? ಇಷ್ಟ ಲಗೂ ಖಾಲಿ!" ಎಂದೆ.

"ನೀನೇ ಹೇಳಿದೆಲ್ಲಪ್ಪ, ಅಮಾಸಿಗೊಮ್ಮಿ ಅಂತ. ನಾ ಹುಣ್ಣಿಮಿಗೂ ಹಚ್ಚಾಕತ್ತೇನಿ. ಮಾಡಿದಾಂವ ಹೇಳಿದ ಮ್ಯಾಲ ಕೇಳಬೇಕಲ್ಲ" ಎಂದರು.

ನಾನು ಎದೆ ಉಬ್ಬಿಸಿಕೊಂಡು ಎರಡು ಬಾಟಲಿ ಕೊಟ್ಟೆ.

ಗುತ್ತೇದಾರರ ಜಲ್ಲಿ ಮರಳಿನ ಅಂಗಳಕ್ಕೆ ಒಂದು ದಿನ ಹುಚ್ಚುನಾಯಿ ನುಗ್ಗಿತಂತೆ. ಕೂಲಿಯವರು ಚೆಲ್ಲಾಪಿಲ್ಲಿಯಾದರು. ಶಿವರಾಯಣ್ಣ ಪಿಸ್ತೂಲು ತೆಗೆದು ನಿಂತರು. ಜನ ಅಡ್ಡವಿದ್ದಾರೆಂದು ಗುಂಡು ಹಾರಿಸಲಿಲ್ಲ. ನಾಯಿ ಹಿಂದಿನ ಬೇಲಿ ಹಾರಿ ಹೋಯಿತು. ಅವರು ಪಿಸ್ತೂಲನ್ನು ವಾಪಸು ಚೀಲಕ್ಕೆ ಒತ್ತಿದರು. ಅದು ಹಾರಿತು. ಗುಂಡು ಅವರದೇ ಮೀನಖಂಡದೊಳಗಿಂದ ಹೋಗಿ ಮರಳಿನಲ್ಲಿ ಹೂತುಹೋಯಿತು.

ಸ್ವಲ್ಪ ದಿನಗಳ ನಂತರ ಏಜೆನ್ಸಿಯ ಮ್ಯಾನೇಜರು ನನಗೆ ಫೋನು ಮಾಡಿ, ಜೇವರ್ಗಿಗೆ ಬಾ, ಚೀಲದ ಬಗ್ಗೆ ಕೇಳುವುದಿದೆ ಎಂದರು. ದೊಡ್ಡಪ್ಪನ ಮಗ ಆಳಂದದಲ್ಲಿ ವಕೀಲ. ಅವನ ಬಳಿ ಓಡಿದೆ.

"ಚೀಲದಾಗ ಏನರ ತಪ್ಪದೇನು?" ಎಂದು ಕೇಳಿದ.

"ಗೊತ್ತಿಲ್ಲೋ ಅಣ್ಣಾ. ನೋಡಿಲ್ಲ."

"ಹಂಗಾದ್ರ ನೋಡಬ್ಯಾಡ. ಮಾಲು ಛಲೋ ಇತ್ತು ಅನ್ನು, ಮುಗೀತು. ಚೀಲದ ತಪ್ಪು ಅಂತ ಒಮ್ಮಿ ಬಾಯಿ ಬಿಟ್ಟಿ ಅಂದ್ರ, ಅವರ ಕಾಲಿನ ಜೋಡಿ ನಿನ್ನ ಅಂಗಡೀನೂ ಹೋಗ್ತದ."

ಗುತ್ತೇದಾರರ ಆಫೀಸಿನಲ್ಲಿ ನಾಲ್ಕಾರು ಜನ ಕುಳಿತಿದ್ದರು. ಶಿವರಾಯಣ್ಣ ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡಿದ್ದರು. ನನ್ನನ್ನು ನೋಡಿ, "ಬಾ ತಮ್ಮಾ" ಎಂದರು. ಮೇಜಿನ ಮೇಲೆ ನನ್ನ ಚೀಲ ಇತ್ತು. ಎಣ್ಣೆ ಕುಡಿದು ಕುಡಿದು ಕಪ್ಪಗೆ ಹೊಳೆಯುತ್ತಿತ್ತು.

ಮ್ಯಾನೇಜರು ವಿಷಯ ಹೇಳಿದರು. ಶಿವರಾಯಣ್ಣ ಟ್ರಿಗರಿನ ಮೇಲೆ ಬೆರಳು ಇಟ್ಟಿರಲಿಲ್ಲವೆಂದು ಹೇಳುತ್ತಿದ್ದಾರೆ. ಬೆರಳಿಲ್ಲದಿದ್ದರೆ ಹಾರಿದ್ದು ಹೇಗೆ? ಬೆರಳಿತ್ತು ಎಂದಾದರೆ ಅದು ಅವರ ನಿರ್ಲಕ್ಷ್ಯ, ಕೆಲಸ ಹೋಗುತ್ತದೆ, ಲೈಸೆನ್ಸ್ ರದ್ದು ಮಾಡಿ ಎಂದು ಪೊಲೀಸರಿಗೆ ವರದಿಯೂ ಹೋಗುತ್ತದೆ. ಇಷ್ಟು ಹೇಳಿ ನನ್ನ ಕಡೆ ತಿರುಗಿದರು.

"ಚೀಲದಿಂದ ಹಿಂಗ ಆಗಲಾಕ ಸಾಧ್ಯ ಅದೇನಪ್ಪ?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನಗೆ ಒಂದು ರೋಗವಿದೆ. ಹೆದರಿಕೆಯಾದರೆ ಬಾಯಿಂದ ಹಾಸ್ಯ ಬರುತ್ತದೆ. ಆ ಚೀಲವನ್ನು ಎತ್ತಿ, ತಿರುಗಿಸಿ, ಒಳಗೆ ಇಣುಕಿದಂತೆ ಮಾಡಿ ಹೇಳಿದೆ:

"ಚೀಲಕ್ಕ ಬೆರಳ ಇರ್ತಾವೇನ್ರಿ ಸಾಹೇಬ್ರ, ಟ್ರಿಗರ್ ಒತ್ತಾಕ?"

ಗುತ್ತೇದಾರರು ನಕ್ಕರು. ಮ್ಯಾನೇಜರು ನಕ್ಕರು. ಚಹಾ ತಂದವನು ನಕ್ಕ. ಶಿವರಾಯಣ್ಣ ಕೂಡ ನಕ್ಕರು. ಅವರ ಕೆಲಸ ಆ ನಗುವಿನಲ್ಲೇ ಹೋಯಿತು. ಮ್ಯಾನೇಜರು ಚೀಲವನ್ನು ನನ್ನ ಕೈಗೆ ಹಾಕಿ, "ತಗೊಂಡು ಹೋಗು, ಇನ್ನು ಇದು ನಮಗ ಬ್ಯಾಡ" ಎಂದರು. ಹುಗ್ಗಿಯಲ್ಲಿ ಬಿದ್ದ ಪಿಸ್ತೂಲಿನ ಕಥೆಯನ್ನೂ ಹೇಳಿ, ಎಲ್ಲರನ್ನೂ ಇನ್ನೊಮ್ಮೆ ನಗಿಸಿ ಎದ್ದು ಬಂದೆ ಎಂದು ಬರೆಯಲು ಈಗ ಕೈ ನಾಚುತ್ತದೆ. ಆದರೆ ಅದೂ ನಡೆಯಿತು.

ಅಂಗಡಿಗೆ ಬಂದು ಚೀಲವನ್ನು ಒಂದು ವಾರ ಮೂಲೆಗೆ ಎಸೆದಿದ್ದೆ. ಒಂದು ಮಧ್ಯಾಹ್ನ, ಅಪ್ಪ ಊಟಕ್ಕೆ ಹೋದಾಗ, ಹಳದಿ ಪಿಸ್ತೂಲನ್ನು ಅದರೊಳಗೆ ಒತ್ತಿ ನೋಡಿದೆ. ಮೊದಲ ಸಲ ಸರಿಯಾಗಿ ಹೋಯಿತು. ಇನ್ನೊಮ್ಮೆ, ಅವಸರದಲ್ಲಿದ್ದವನಂತೆ, ನೋಡದೆ ಒತ್ತಿದೆ. ಮೆತ್ತಗಾದ ಬಾಯಿಯ ಅಂಚು ಒಳಗೆ ಮಡಚಿಕೊಂಡು, ಟ್ರಿಗರಿನ ಸುತ್ತಲಿನ ಬಳೆಯೊಳಗೆ ಹೊಕ್ಕಿತು. ಒತ್ತಿದಂತೆ ಪಿಸ್ತೂಲು ಕೆಳಗೆ ಹೋಗುತ್ತದೆ, ಆ ಮಡಿಕೆ ಟ್ರಿಗರನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತದೆ. ಹೊರಗೆ ತೆಗೆದಾಗ ಹಳದಿ ಬಣ್ಣದ ಮೇಲೆ, ಸರಿಯಾಗಿ ಟ್ರಿಗರಿನ ಮುಂದೆ, ಒಂದು ಎಣ್ಣೆಯ ಕಲೆ ಇತ್ತು. ಬೆರಳಿನ ಅಗಲದ ಕಲೆ.

ಚೀಲಕ್ಕೆ ಬೆರಳಿತ್ತು. ಅದನ್ನು ಬೆಳೆಸಿದವನು ನಾನು.

ಅಪ್ಪ ಬಂದ. ನಾನು ಒತ್ತಿ ತೋರಿಸಿದೆ. ಅವನು ಚೀಲದ ಬಾಯಿಯನ್ನು ಹೆಬ್ಬೆರಳಿನಿಂದ ತೀಡಿ ನೋಡಿದ. "ಚಪ್ಪಲಿಗಿ ಹೇಳಿದ್ದೆಪ್ಪ ನಾ. ಇದಕ್ಕ ಹೇಳಿದ್ದಿಲ್ಲ" ಎಂದ. ಆಮೇಲೆ, "ಆದ್ರೂ ತಲಿ ತೂಗಿದ್ದೆನಲ್ಲ" ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಮರುದಿನವೇ ಜೇವರ್ಗಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಬದಲಿಗೆ ನಾನು ಮಾಡಿದ್ದು ಕೇಳಿ. ಉಳಿದ ಗಿರಾಕಿಗಳ ಮನೆ ಮನೆಗೆ ಹೋಗಿ, "ಹೊಸ ಮಾಡಲ್ ಬಂದದರಿ, ಹಳೇದು ಕೊಡ್ರಿ, ಪುಕ್ಕಟೆ ಬದಲಿ ಮಾಡತೇನಿ" ಎಂದೆ. ಬಾಯಿಗೆ ಎರಡು ಪದರು ದಪ್ಪ ಚರ್ಮ ಇಟ್ಟು ಹೊಲಿದ, ಕಟ್ಟಿಗೆಯಂತೆ ಸೆಟೆದು ನಿಲ್ಲುವ ಹೊಸ ಚೀಲಗಳು ಅವು. ಯಾಕೆ ಬದಲಿಸುತ್ತಿದ್ದೇನೆಂದು ಒಬ್ಬರಿಗೂ ಹೇಳಲಿಲ್ಲ. ನಮ್ಮ ಕಡೆ ಪುಕ್ಕಟೆ ಎಂದರೆ ಜನಕ್ಕೆ ಮೊದಲು ಅನುಮಾನ ಬರುತ್ತದೆ. ಕಿಣ್ಣಿ ಸುಲ್ತಾನದ ಕಾಕಾ ಹಳೆಯ ಚೀಲವನ್ನು ಎದೆಗೆ ಅವುಚಿಕೊಂಡು, ಇದರಲ್ಲಿ ಬಂಗಾರ ಹೊಲಿದಿದ್ದೀಯಾ ಎಂದು ಕೇಳಿದರು. ಗೌಡರು ಮಾತ್ರ ಕಣ್ಣು ಸಣ್ಣದು ಮಾಡಿದರು.

"ಖರೇ ಹೇಳಲೇ ಗೌತಮ್ಯಾ. ಏನ್ ಆಗ್ಯದ?"

"ಏನಿಲ್ರಿ ಗೌಡ್ರ. ಫ್ಯಾಷನ್ ಬದಲಾಗ್ಯದ."

"ಜೇವರ್ಗಿಯಾಗ ಯಾವನೋ ಗನ್‌ಮ್ಯಾನ್ ಕುಡದು ಕಾಲಿಗಿ ಹೊಡಕೊಂಡನಂತ. ಹಂತಾವರಿಗಿ ಮದಲ ಫ್ಯಾಷನ್ ಕಲಸು" ಎಂದು ಗೌಡರು ನಕ್ಕರು.

ನಾನೂ ನಕ್ಕೆ. ಶಿವರಾಯಣ್ಣ ಬೀಡಿ ಕೂಡ ಸೇದುವವರಲ್ಲ. ಅವರ ನಿರ್ಲಕ್ಷ್ಯ ಜೇವರ್ಗಿಯಿಂದ ಹೊರಟು, ಅಫಜಲಪುರ ಮುಟ್ಟುವ ಹೊತ್ತಿಗೆ ಕುಡುಕತನವಾಗಿತ್ತು. ನನ್ನ ಹುಗ್ಗಿ ಕೊಪ್ಪರಿಗೆಯ ಹಾಗೆ, ಹೇಳಿದಷ್ಟೂ ದೊಡ್ಡದಾಗುತ್ತಿತ್ತು.

ಅಲ್ಲಿಂದಲೇ ಜೇವರ್ಗಿಯ ಬಸ್ಸು ಹತ್ತಿದೆ ಎಂದರೆ ಚಂದವಾಗಿರುತ್ತಿತ್ತು. ಇಲ್ಲ, ಮನೆಗೆ ಬಂದು ಇನ್ನೂ ಎರಡು ದಿನ ಹೊಟ್ಟೆ ನೋವೆಂದು ಮಲಗಿದೆ. ಮೂರನೆಯ ದಿನ ಅಪ್ಪ ಹಳದಿ ಪಿಸ್ತೂಲು ಮತ್ತು ಆ ಚೀಲವನ್ನು ಕೈಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟ.

ಏಜೆನ್ಸಿಯ ಮ್ಯಾನೇಜರ ಮೇಜಿನ ಮೇಲೆ ಒತ್ತಿ ತೋರಿಸಿದೆ. ಅವರು ನೋಡಿದರು. ತಾವೇ ತಗೊಂಡು ಒತ್ತಿದರು. ಅವರ ಕೈಯಲ್ಲೂ ಅಂಚು ಮಡಚಿತು.

"ಅವತ್ತ ಯಾಕ ಹೇಳಲಿಲ್ಲ?"

"ಹೆದರಿದ್ದೆರಿ."

"ಹೆದರಿದಾಂವ ನಗಸ್ತಾನೇನಪ್ಪ?"

ಈಗ ಜವಾಬ್ದಾರಿ ಯಾರದು ಎಂದು ಕೇಳಿದರು. ನನ್ನದು ಎಂದೆ. ಹೊಲಿದವನೂ ನಾನೇ, ಎಣ್ಣೆ ಹಚ್ಚಲು ಹೇಳಿದವನೂ ನಾನೇ, ಶಿವರಾಯಣ್ಣನ ಬೆರಳು ಅಲ್ಲಿರಲಿಲ್ಲ ಎಂದೆ. ಇದೇ ಮಾತನ್ನು ಠಾಣೆಯಲ್ಲಿ ಪೊಲೀಸ್ ಸಾಹೇಬರ ಮುಂದೆಯೂ ಹೇಳಿಸಿದರು. ಹಾಸ್ಯ ಬೆರೆಸದೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು. ನನ್ನ ವಕೀಲ ಅಣ್ಣ ಸುದ್ದಿ ಕೇಳಿ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಶಿವರಾಯಣ್ಣನ ಲೈಸೆನ್ಸ್ ಉಳಿಯಿತು. ಕೆಲಸಕ್ಕೆ ಮಾತ್ರ ಕರೆಯಲಿಲ್ಲ. ಕುಂಟುವ ಗನ್‌ಮ್ಯಾನ್ ಬೇಡವೆಂದರಂತೆ. ನಾನು ಬೋರ್ಡಿಗೆ ಬಿಳಿ ಬಣ್ಣ ಬಳಿದದ್ದು ಆ ವಾರವೇ.

ಈ ಕೆಲಸಕ್ಕೆ ಬರುವವರಿಗೆ ನನಗೆ ಗೊತ್ತಿರುವುದು ಇಷ್ಟೇ. ಚೀಲದ ಬಾಯಿ ಪಿಸ್ತೂಲು ಇಲ್ಲದಾಗಲೂ ತಾನಾಗಿ ತೆರೆದು ನಿಲ್ಲಬೇಕು. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಅದರ ಹತ್ತಿರ ಮೆತ್ತಗಿನದು ಏನೂ ಇರಬಾರದು. ಬಾಯಿ ಸಡಿಲಾದ ಚೀಲ ರಿಪೇರಿಗೆ ಬಂದರೆ ರಿಪೇರಿ ಮಾಡಬೇಡಿ, ಕತ್ತರಿಸಿ ಹಾಕಿ. ಕಟ್ಟಿಕೊಳ್ಳುವವರಿಗೆ, ಒಳಗೆ ಇಡುವಾಗ ಅವಸರ ಬೇಡ, ಕಣ್ಣಿಂದ ನೋಡಿ ಇಡಿ ಎಂದು ಹೇಳಿ. ಗಿರಾಕಿಗೆ ಯಾವುದೇ ಸಲಹೆ ಕೊಡುವ ಮೊದಲು, ಇವನು ಅದನ್ನು ನಿಜವಾಗಿಯೂ ಪಾಲಿಸಿಬಿಟ್ಟರೆ ಏನಾದೀತು ಎಂದು ಯೋಚಿಸಿ. ನನ್ನ ಮಾತು ಕೇಳದವರೆಲ್ಲ ನೆಟ್ಟಗೆ ನಡೆದಾಡುತ್ತಿದ್ದಾರೆ.

ಠಾಣೆಯಲ್ಲಿ ಹೇಳಿದ ಮೇಲೆ ಅಂದೋಲಾಕ್ಕೆ ಹೋದೆ. ಶಿವರಾಯಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ತೊಗರಿ ಹಸನು ಮಾಡುತ್ತಿದ್ದರು. ಅವರ ಮಗಳು ನೀರು ತಂದುಕೊಟ್ಟು ಒಳಗೆ ಹೋದಳು. ಎಲ್ಲವನ್ನೂ ಹೇಳಿದೆ. ಅವರು ಮೊರ ಕೆಳಗಿಟ್ಟು ತಮ್ಮ ಬಲಗೈ ನೋಡಿಕೊಂಡರು.

"ಬಂದು ಹೇಳಿದಿ, ಛಲೋ ಮಾಡಿದಿ" ಎಂದರು. "ಕಾಲಿಂದು ಬಿಡು, ಅದು ಹ್ಯಾಂಗರ ನಡೀತದ. ಅವತ್ತ ನೀ ಅಂದಾಗ ನಾನೂ ನಕ್ಕೆ ನೋಡು. ಯಾಕ ನಕ್ಕೆ ಗೊತ್ತೇನು? ನನಗೂ ಖರೇ ಅನಸ್ತು. ಇಷ್ಟು ಮಂದಿ ಅಂತಾರ, ಮಾಡಿದಾಂವೇ ಅಂತಾನ, ಅಂದ ಮ್ಯಾಲ ನನ್ನ ಬೆರಳೇ ಇರಬೇಕು ಅಂದ್ಕೊಂಡೆ. ಮನಿಗಿ ಬಂದು ಮಗಳಿಗಿ ನಾನೇ ಹೇಳಿದೆ, ತಪ್ಪು ನಂದೇ ಇತ್ತವ್ವ ಅಂತ. ದಿನಾ ನೆನಸಿ ನೆನಸಿ, ಬೆರಳು ಟ್ರಿಗರಿಗಿ ಹತ್ತಿದ್ದು, ಅದರ ತಂಪು, ಎಲ್ಲಾ ನೆನಪಾಗಾಕತ್ತದ ತಮ್ಮಾ. ಇವತ್ತ ನೀ ಬಂದು ಅದು ಇರಲೇ ಇಲ್ಲ ಅಂತಿ. ಇಲ್ಲಂತ ನನಗೂ ಈಗ ಗೊತ್ತಾತು. ನೆನಪ ಮಾತ್ರ ಇನ್ನೂ ಅದ. ಅದನ್ನ ಹ್ಯಾಂಗ ತಗೀಲಿ, ಹೇಳು."